ಕರಣಿಯ ಹನ್ನೆರಡನೇ ಘಾತ: ಕೈಲೆಕ್ಕದ ದಾರಿ

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳಿಗೆ (√3 + √2)ರ 12ನೇ ಘಾತದ ಪೂರ್ಣಾಂಕ ಭಾಗವನ್ನು ಕ್ಯಾಲ್ಕುಲೇಟರ್ ಇಲ್ಲದೆ ಕಂಡುಹಿಡಿಯುವ ಲೆಕ್ಕ ಕೊಟ್ಟಿದ್ದಾರೆ. ದ್ವಿಪದ ಪ್ರಮೇಯದಿಂದ ಬಿಡಿಸಹೊರಟರೆ ಹದಿಮೂರು ಪದಗಳಾಗುತ್ತವೆ. ಸುಲಭದ ದಾರಿ ಇದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಇದೆ, ನಾಲ್ಕೇ ಗುಣಾಕಾರಗಳಲ್ಲಿ ಮುಗಿಯುತ್ತದೆ. ಆದರೆ √3ಕ್ಕೆ 1.73, √2ಕ್ಕೆ 1.41 ಎಂದು ಮೊದಲೇ ಬೆಲೆ ಹಾಕಿಕೊಂಡು 3.14ರ ಘಾತ ತೆಗೆಯಲು ಹೋಗಬಾರದು. ಹಾಗೆ ಮಾಡಿದರೆ ಸಿಗುವ ಸುಮಾರು 9,18,660 ಎಂಬ ಸಂಖ್ಯೆ ನಿಜವಾದ ಬೆಲೆಗಿಂತ ಇಪ್ಪತ್ತೆರಡು ಸಾವಿರದಷ್ಟು ಕೆಳಗಿರುತ್ತದೆ. ಕರಣಿಗಳನ್ನು ಕೊನೆಯವರೆಗೂ ಕರಣಿಗಳಾಗಿಯೇ ಉಳಿಸಿಕೊಳ್ಳಬೇಕು.

ಮೊದಲು ವರ್ಗ ಮಾಡಿದರೆ 5 + 2√6 ಬರುತ್ತದೆ. ಇನ್ನು ಬೇಕಾಗಿರುವುದು ಇದರ 6ನೇ ಘಾತ ಮಾತ್ರ. ಇದರ ವರ್ಗ 49 + 20√6. ಅದನ್ನು ಮತ್ತೆ 5 + 2√6ರಿಂದ ಗುಣಿಸಿದರೆ 485 + 198√6, ಅಂದರೆ ಘನ, ಸಿಗುತ್ತದೆ. ಆ ಘನವನ್ನು ವರ್ಗ ಮಾಡಿದರೆ 4,70,449 + 1,92,060√6. ದಾರಿಯಲ್ಲಿ ತಪ್ಪಿದ್ದರೆ ಗೊತ್ತಾಗಲೆಂದು ಪ್ರತಿ ಹಂತದಲ್ಲೂ ತಾಳೆ ನೋಡಬಹುದು: ಮೊದಲ ಸಂಖ್ಯೆಯ ವರ್ಗದಿಂದ ಎರಡನೆಯದರ ವರ್ಗದ ಆರರಷ್ಟನ್ನು ಕಳೆದಾಗ 1 ಉಳಿಯಲೇಬೇಕು. 485ರ ವರ್ಗ 2,35,225. 198ರ ವರ್ಗದ ಆರರಷ್ಟು 2,35,224. ಇಂತಹ ಜೋಡಿಗಳನ್ನು ಗುಣಿಸಿ ಹೊಸ ಜೋಡಿ ಪಡೆಯುವ ‘ಭಾವನಾ’ ವಿಧಾನವನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಹೇಳಿದ್ದಾನೆ, ನಮ್ಮ ಪಠ್ಯಪುಸ್ತಕಗಳು ಅದನ್ನು ಇಲ್ಲಿ ನೆನಪಿಸಿದ್ದರೆ ಚೆನ್ನಾಗಿತ್ತು.

√6ರ ಬೆಲೆಯನ್ನು ಹುಡುಕುವ ಶ್ರಮವೂ ಬೇಡ. 5 − 2√6 ಎಂಬುದು 5 + 2√6ರ ವ್ಯುತ್ಕ್ರಮ, ಸುಮಾರು 0.101. ಅದರ 6ನೇ ಘಾತವಾದ 4,70,449 − 1,92,060√6ರ ಬೆಲೆ ಸುಮಾರು 0.000001. ಇವೆರಡನ್ನೂ ಕೂಡಿದಾಗ √6 ಇರುವ ಪದಗಳು ಹೊಡೆದುಹೋಗಿ ಸರಿಯಾಗಿ 9,40,898 ಉಳಿಯುತ್ತದೆ. ನಮಗೆ ಬೇಕಾದ ಸಂಖ್ಯೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿರುವುದರಿಂದ ಪೂರ್ಣಾಂಕ ಭಾಗ 9,40,897. ಉತ್ತರವನ್ನು ಹತ್ತು ಅಂಕಿಗಳಿಗೆ ದುಂಡಾಗಿಸುವ ಕ್ಯಾಲ್ಕುಲೇಟರ್ 9,40,898 ಎಂದೇ ತೋರಿಸುತ್ತದೆ, ಆದ್ದರಿಂದ ಇಲ್ಲಿ ಕೈಲೆಕ್ಕವನ್ನೇ ನಂಬಬೇಕು.

ಘಾತಾಂಕ ಬೆಸವಾಗಿದ್ದರೆ ಈ ಉಪಾಯ ಹೀಗೆಯೇ ನಡೆಯದು; ಆಗ ಮೊತ್ತದಲ್ಲಿ √3 ಉಳಿದುಬಿಡುವುದರಿಂದ ಅದರ ಬೆಲೆಯನ್ನು ಬೇಕಾದಷ್ಟು ದಶಮಾಂಶ ಸ್ಥಾನಗಳವರೆಗೆ ಹಾಕಲೇಬೇಕಾಗುತ್ತದೆ.