ದುರ್ಗದ ಬಾಡಿಗೆ ಮನೆಯಲ್ಲಿ ದೆವ್ವವಾ? – ಪ್ರತಿಕ್ರಿಯೆ
ರಾತ್ರಿ ಮೂರಕ್ಕೆ ಎಚ್ಚರ, ಎದೆ ಮೇಲೆ ಯಾರೋ ಕೂತ ಹಾಗೆ, ಕೈಕಾಲು ಆಡಲ್ಲ ಅಂದಿರಿ. ಇದು ಬಹುಶಃ ಸ್ಲೀಪ್ ಪ್ಯಾರಾಲಿಸಿಸ್. ಮನಸ್ಸು ಎದ್ದಿರುತ್ತದೆ, ಮೈ ಇನ್ನೂ ನಿದ್ದೆಯಲ್ಲಿರುತ್ತದೆ. ಮಗ್ಗುಲಾಗಿ ಮಲಗಿ ನೋಡಿ. ತಗಡಿನ ಮೇಲಿನ ಟಕ್ ಟಕ್ ಸದ್ದು? ದುರ್ಗದ ಬಿಸಿಲಿಗೆ ಕಾದ ಶೀಟು ರಾತ್ರಿ ತಣ್ಣಗಾಗುವಾಗ ಹಾಗೇ ಸದ್ದು ಮಾಡುತ್ತದೆ, ನಮ್ಮ ಮನೆಯಲ್ಲೂ ಅದೇ ಕಥೆ.

ಆದರೆ ಎಲ್ಲರಿಗೂ ತಲೆನೋವು ಅಂದಿರಲ್ಲ, ಮೊದಲು ಅದನ್ನು ನೋಡಿ. ಬಚ್ಚಲಿನ ಗ್ಯಾಸ್ ಗೀಸರ್ ಇವತ್ತೇ ಬಂದ್ ಮಾಡಿ, ಕಿಟಕಿ ತೆಗೆಯಿರಿ, ಮೆಕ್ಯಾನಿಕ್ ಕರೆಸಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಬರುತ್ತದೆ, ತಲೆನೋವು ಅದರಿಂದಲೂ ಬರಬಹುದು, ಅದಕ್ಕೆ ವಾಸನೆ ಇಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ವಿಲಿಯಂ ವಿಲ್ಮರ್ ಬರೆದ ದೆವ್ವದ ಮನೆಯ ಕಥೆಯಲ್ಲಿ ತಪ್ಪು ಈ ಗಾಳಿ ಬಿಡುತ್ತಿದ್ದ, ಮನೆ ಬೆಚ್ಚಗಿಡುವ ಕೆಟ್ಟ ಒಲೆಯದ್ದೇ ಆಗಿತ್ತು.

ಆಮೇಲೆ ಒಂದು ವಾರ ಪ್ರತಿಯೊಬ್ಬರೂ ಬೇರೆಬೇರೆಯಾಗಿ, ಮಾತಾಡಿಕೊಳ್ಳದೆ, ಕಂಡದ್ದು ಕೇಳಿದ್ದನ್ನು ಸಮಯ ಹಾಕಿ ಬರೆದಿಡಿ. ದೆವ್ವ ಹುಡುಕುವವರೂ ಹೀಗೇ ಸೋಸುತ್ತಾರೆ. ಬರೆದದ್ದು ಒಂದಕ್ಕೊಂದು ಹೊಂದದಿದ್ದರೆ ಅರ್ಧ ಭಯ ಸುಮ್ನೆ. ತಲೆನೋವು ನಿಲ್ಲದಿದ್ದರೆ ಮಂತ್ರವಾದಿಗಿಂತ ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ.