ಓದುಗರ ಪ್ರಶ್ನೆ: ಗುಂಡಿನ ಸದ್ದಿನ ನಂತರದ ಅರ್ಧ ಗಂಟೆ

ಪ್ರಶ್ನೆ: 1942ರ ಕೊಡಗನ್ನು ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಗಂಡ ಬರ್ಮಾ ಗಡಿಯಲ್ಲಿ, ಹೆಂಡತಿಗೆ ಕಕ್ಕಡದ ಮಳೆಯಲ್ಲಿ ಚೊಚ್ಚಲ ಹೆರಿಗೆ. ನಾನು ಓದಿದ ಯುದ್ಧದ ಕಥೆಗಳಲ್ಲೆಲ್ಲ ಸೂಲಗಿತ್ತಿ ಬಂದು ‘ಬಿಸಿನೀರು ತನ್ನಿ’ ಎನ್ನುತ್ತಾಳೆ, ಮಗು ಅಳುತ್ತದೆ, ಅಧ್ಯಾಯ ಮುಗಿಯುತ್ತದೆ. ನಿಜಕ್ಕೂ ಏನು ನಡೆಯುತ್ತದೆ?
– ಓದುಗರು, ಪೊನ್ನಂಪೇಟೆ

ಉತ್ತರ: ಕಥೆಗಾರರು ಅಧ್ಯಾಯ ಮುಗಿಸುವ ಜಾಗದಲ್ಲೇ ಸೂಲಗಿತ್ತಿಯ ಕಷ್ಟದ ಕೆಲಸ ಶುರುವಾಗುತ್ತದೆ. ಅಲ್ಲಿಂದಾಚೆಗೆ ಬರೆಯಿರಿ.

ಚೊಚ್ಚಲ ಹೆರಿಗೆಯ ನೋವು 12 ಗಂಟೆ ದಾಟುವುದು ಸಾಮಾನ್ಯ. ಅಷ್ಟು ಹೊತ್ತೂ ಅವಳ ಕೆಲಸ ಹೆಚ್ಚಾಗಿ ಕಾಯುವುದೇ: ಬಸುರಿಯನ್ನು ಓಡಾಡಿಸುವುದು, ಗಂಜಿ ಕುಡಿಸುವುದು, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕಳಿಸುವುದು. ಬಿಸಿನೀರು ಬೇಕಾದದ್ದು ಕೈ ತೊಳೆಯಲು, ಕತ್ತರಿ ಮತ್ತು ದಾರವನ್ನು 20 ನಿಮಿಷ ಕುದಿಸಲು. ಬಳೆ ತೆಗೆದಿಟ್ಟು, ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುವ ಎರಡು ಸಾಲು ಬರೆದರೆ ಸಾಕು, ಅವಳು ತರಬೇತಿ ಪಡೆದವಳೆಂದು ಓದುಗರಿಗೆ ತಿಳಿಯುತ್ತದೆ.

ಮಗು ಬಂದೊಡನೆ ಒಣಬಟ್ಟೆಯಲ್ಲಿ ಒರೆಸಿ, ಬೆನ್ನು ತಿಕ್ಕಿ, ತಾಯಿಯ ಎದೆಯ ಮೇಲೆ ಹಾಕಬೇಕು. ಮಳೆಗಾಲದ ಚಳಿಯಲ್ಲಿ ಒದ್ದೆ ಮಗು ಬೇಗ ತಣ್ಣಗಾಗುತ್ತದೆ. ತಲೆಕೆಳಗು ಹಿಡಿದು ಬೆನ್ನಿಗೆ ತಟ್ಟುವುದು ಆ ಕಾಲದಲ್ಲಿ ರೂಢಿಯಲ್ಲಿತ್ತು; ಇಂದು ಯಾರೂ ಕಲಿಸುವುದಿಲ್ಲ. ಹೊಕ್ಕುಳ ಬಳ್ಳಿಯ ಮಿಡಿತ ನಿಂತ ಮೇಲೆ ಹೊಕ್ಕುಳಿನಿಂದ ಎರಡು ಬೆರಳು ದೂರಕ್ಕೆ ಒಂದು ಗಂಟು, ಅಲ್ಲಿಂದ ಎರಡು ಬೆರಳು ಆಚೆಗೆ ಇನ್ನೊಂದು ಗಂಟು. ಕತ್ತರಿಸುವುದು ಎರಡರ ನಡುವೆ. ನಮ್ಮ ಹಳ್ಳಿಗಳಲ್ಲಿ ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಕೊಯ್ದು ಬೂದಿ, ಸಗಣಿ ಮೆತ್ತುವುದಿತ್ತು. ಅದರಿಂದಲೇ ಧನುರ್ವಾಯು. ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಮಗು ಒಂದು ವಾರದ ಆಸುಪಾಸಿನಲ್ಲಿ ಬಾಯಿ ಕಚ್ಚಿಕೊಂಡು ಕುಡಿಯುವುದನ್ನೇ ಬಿಡುತ್ತದೆ, ಮೈ ಬಿಲ್ಲಿನಂತೆ ಸೆಟೆಯುತ್ತದೆ.

ಇನ್ನು ಕಸ, ಅಂದರೆ ಮಾಸು, ಬೀಳಬೇಕು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ. ಬಳ್ಳಿ ತಾನಾಗಿ ಉದ್ದವಾಗುವುದು, ಒಮ್ಮೆ ರಕ್ತ ಚಿಮ್ಮುವುದು, ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗುವುದು – ಈ ಮೂರು ಕಾಣುವ ತನಕ ಬಳ್ಳಿ ಎಳೆಯಬಾರದು. ಅವಸರಪಟ್ಟು ಎಳೆದರೆ ಬಳ್ಳಿ ಹರಿಯಬಹುದು. ಗರ್ಭಕೋಶವೇ ಒಳಮಗ್ಗುಲಾಗಿ ಹೊರಬರಲೂಬಹುದು. ಬಿದ್ದ ಕಸ ಸುಮಾರು ಅರ್ಧ ಕಿಲೋ ತೂಗುತ್ತದೆ. ಬಲ್ಲವಳು ಅದನ್ನು ತಟ್ಟೆಯಲ್ಲಿ ಹರಡಿ, ದೀಪ ಹತ್ತಿರ ತಂದು, ಹಾಲೆಗಳನ್ನು ಒಂದಕ್ಕೊಂದು ಕೂಡಿಸಿ ನೋಡುತ್ತಾಳೆ. ಒಂದು ಚೂರು ಕಡಿಮೆಯಿದ್ದರೆ ಅದು ಒಳಗೇ ಉಳಿದಿದೆ, ರಕ್ತ ನಿಲ್ಲುವುದಿಲ್ಲ.

ಅರ್ಧ ಲೀಟರ್, ಅಂದರೆ ಎರಡು ದೊಡ್ಡ ಲೋಟದಷ್ಟು ರಕ್ತ ಹೋದರೆ ಅಪಾಯ. ಮೊದಲು ಮಾಡಬೇಕಾದ್ದು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ತಿಕ್ಕುವುದು, ಮಗುವನ್ನು ಮೊಲೆಗೆ ಹಾಕುವುದು, ಮೂತ್ರ ಮಾಡಿಸುವುದು. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಕುಗ್ಗಲು ಬಿಡುವುದಿಲ್ಲ. ಈ ಸಣ್ಣ ವಿಷಯ ಕಥೆಗಳಲ್ಲಿ ಎಲ್ಲೂ ಬರುವುದಿಲ್ಲ.

ಪ್ರಶ್ನೆ: ಆಗ ನೋವು ಕಡಿಮೆ ಮಾಡುವ ಮದ್ದು, ಪೆನಿಸಿಲಿನ್ ಇದ್ದವೇ?
– ಓದುಗರು, ಸೋಮವಾರಪೇಟೆ

ಉತ್ತರ: 1942ರ ಹಳ್ಳಿಮನೆಗೆ ಪೆನಿಸಿಲಿನ್ ತರಬೇಡಿ. 1944ರಲ್ಲೂ ಅದರ ಬಹುಪಾಲು ಸೈನ್ಯಕ್ಕೇ ಹೋಗುತ್ತಿತ್ತು. ಸಲ್ಫಾ ಔಷಧಿ 1935ರಿಂದಲೇ ಇತ್ತು, ಬಾಣಂತಿ ಜ್ವರಕ್ಕೆ ಅದು ದೊಡ್ಡ ವರವಾಯಿತು; ಪಟ್ಟಣದ ವೈದ್ಯರ ಕೈಯಲ್ಲಿ ಅದನ್ನು ತೋರಿಸಬಹುದು. ಬ್ರಿಟನ್ನಿನಲ್ಲಿ ನೋವು ತಗ್ಗಿಸಲು ನೈಟ್ರಸ್ ಆಕ್ಸೈಡ್ ಮತ್ತು ಗಾಳಿ ಬೆರೆಸಿ ಕೊಡುವ ‘ಮಿನಿಟ್’ ಎಂಬ ಯಂತ್ರಕ್ಕೆ ಸೂಲಗಿತ್ತಿಯರಿಗೆ 1936ರಲ್ಲಿ ಅನುಮತಿ ಸಿಕ್ಕಿತು. ನೋವಿನ ಚುಚ್ಚುಮದ್ದಾದ ಪೆಥಿಡಿನ್‌ಗೆ ಸಿಕ್ಕಿದ್ದು 1950ರಲ್ಲಿ. ಲಂಡನ್ ಬಾಂಬ್ ದಾಳಿಯ ರಾತ್ರಿ ಸೂಲಗಿತ್ತಿ ತಾನೇ ಪೆಥಿಡಿನ್ ಚುಚ್ಚಿದಳು ಎಂದು ಯಾರಾದರೂ ಬರೆದರೆ ಅದು ಕಾಲದೋಷ.

ಆ ಯುದ್ಧದ ವರ್ಷಗಳಲ್ಲೇ ಇಂಗ್ಲೆಂಡಿನಲ್ಲಿ ಬಾಣಂತಿಯರ ಸಾವು ಇಳಿಯಿತು. 1934ರ ಸುಮಾರಿಗೆ 1000 ಹೆರಿಗೆಗೆ 4ಕ್ಕೂ ಹೆಚ್ಚಿದ್ದದ್ದು 1945ರ ಹೊತ್ತಿಗೆ 2ಕ್ಕಿಂತ ಕಡಿಮೆಯಾಯಿತು. ಸಲ್ಫಾ, ರಕ್ತ ಪೂರೈಕೆ, ಬಸುರಿಯರಿಗೆ ಮೀಸಲಿಟ್ಟ ಹಾಲು, 1936ರ ಕಾಯಿದೆಯಿಂದ ಸಂಬಳ ಪಡೆದ ಸೂಲಗಿತ್ತಿಯರು, ಎಲ್ಲವೂ ಸೇರಿ ಆದದ್ದು ಇದು. ಊಟವೇ ಸಿಗದಿದ್ದ ಕಡೆ ಬೇರೆ ಕಥೆ: 1944–45ರ ಚಳಿಗಾಲದ ಬರದಲ್ಲಿ ಹಾಲೆಂಡಿನ ಶಿಶುಗಳ ತೂಕ ಸರಾಸರಿ 300 ಗ್ರಾಂನಷ್ಟು ಕುಸಿಯಿತು.

ಪ್ರಶ್ನೆ: ಯುದ್ಧಕಾಲದ ನಿಜವಾದ ಸೂಲಗಿತ್ತಿಯೊಬ್ಬರ ಬಗ್ಗೆ ತಿಳಿಸುವಿರಾ?
– ಓದುಗರು, ಕುಶಾಲನಗರ

ಉತ್ತರ: ಪೋಲೆಂಡಿನ ಸ್ತಾನಿಸ್ವಾವಾ ಲೆಶ್ಚಿನ್ಸ್ಕಾ. 1943ರಲ್ಲಿ ಅವರನ್ನು ಆಶ್ವಿಟ್ಜ್ ಯಾತನಾ ಶಿಬಿರಕ್ಕೆ ತಳ್ಳಿದರು. ಅಲ್ಲಿ ಸುಮಾರು 3000 ಹೆರಿಗೆ ಮಾಡಿಸಿದರು. ಹೆರಿಗೆ ನಡೆದದ್ದು ಶೆಡ್ಡಿನ ಉದ್ದಕ್ಕೂ ಹಾದುಹೋಗಿದ್ದ ಇಟ್ಟಿಗೆ ಒಲೆಯ ಮೇಲೆ. ಒಂದು ಬಕೆಟ್ ನೀರು ತರಲು 20 ನಿಮಿಷ ಬೇಕಿತ್ತು. ತಮ್ಮ ಪಾಲಿನ ಬ್ರೆಡ್ಡನ್ನು ತಿನ್ನದೆ ಉಳಿಸಿ, ಅದನ್ನು ಕೊಟ್ಟು ತಾಯಂದಿರು ಮಗುವಿನ ಬಟ್ಟೆಗೆಂದು ಹಾಸುಬಟ್ಟೆ ಕೊಳ್ಳುತ್ತಿದ್ದರು. ಹೆರಿಗೆಯಲ್ಲಿ ತಾನು ಒಬ್ಬ ತಾಯಿಯನ್ನೂ ಕಳೆದುಕೊಳ್ಳಲಿಲ್ಲವೆಂದು ಅವರು ಬರೆದಿಟ್ಟಿದ್ದಾರೆ. ಆ ಮಕ್ಕಳಲ್ಲಿ ಬಹುಪಾಲು ಬದುಕಲಿಲ್ಲ: ನೀರಿನಲ್ಲಿ ಮುಳುಗಿಸಿ ಕೊಂದರು, ಉಳಿದವು ಹಸಿವಿಗೆ, ಚಳಿಗೆ ಸತ್ತವು. ಇದನ್ನು ಕಾದಂಬರಿಗೆ ತರುವವರು ದಯವಿಟ್ಟು ಮೆದುಗೊಳಿಸಬೇಡಿ.

ಪ್ರಶ್ನೆ: ವೈದ್ಯರಿಗಿಂತ ಸೂಲಗಿತ್ತಿಯ ಕೈಗುಣವೇ ಮೇಲು ಎನ್ನುತ್ತಾರೆ. ಆಧಾರವಿದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಒಂದು ಕಾಲಕ್ಕೆ, ಒಂದು ಆಸ್ಪತ್ರೆಯಲ್ಲಿ ಇತ್ತು. 1846ರ ವಿಯೆನ್ನಾದಲ್ಲಿ ವೈದ್ಯರ ವಿಭಾಗದಲ್ಲಿ 100ಕ್ಕೆ 11 ಬಾಣಂತಿಯರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ 3ಕ್ಕಿಂತ ಕಡಿಮೆ. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಮರುವರ್ಷ ಅಲ್ಲೂ 2ಕ್ಕಿಂತ ಕೆಳಗಿಳಿಯಿತು. ಕೈಗುಣ ಎಂದರೆ ಕೈ ಶುದ್ಧ. ನಮ್ಮಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದಕ್ಕಾಗಿ ಇಂದು ಮನೆಯಲ್ಲೇ ಹೆರಿಗೆ ಎಂದು ಹೊರಡಬೇಡಿ. ಲೈನ್‌ಮನೆಯಲ್ಲಿ ನೋವು ಶುರುವಾದರೂ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಗಂಡುಮಗು ಹುಟ್ಟಿದಾಗ ಕೊಡವರ ಮನೆಯಂಗಳದಲ್ಲಿ ಗುಂಡು ಹಾರಿಸುವ ಪದ್ಧತಿಯನ್ನು ಈ ದೃಶ್ಯದಲ್ಲಿ ತರಬಹುದೇ?
– ಓದುಗರು, ಮಡಿಕೇರಿ

ಉತ್ತರ: ಧಾರಾಳವಾಗಿ. ಔಡಲ ಗಿಡದ ಕಡ್ಡಿಯ ಪುಟ್ಟ ಬಿಲ್ಲು, ಅದರ ಎಲೆತೊಟ್ಟಿನ ಬಾಣವನ್ನು ಮಗುವಿನ ಕೈಗಿಡುವುದನ್ನೂ ಸೇರಿಸಿ. ಹೊತ್ತನ್ನು ಮಾತ್ರ ಸರಿಯಾಗಿ ಹಿಡಿಯಿರಿ. ಅಂಗಳದಲ್ಲಿ ಕೋವಿ ಸಿಡಿದಾಗ ಒಳಗೆ ಕಸ ಇನ್ನೂ ಬಿದ್ದಿರುವುದಿಲ್ಲ. ಸೂಲಗಿತ್ತಿಯ ಎಡಗೈ ಬಾಣಂತಿಯ ಹೊಟ್ಟೆಯ ಮೇಲೇ ಇರುತ್ತದೆ.