ಹೊಳೆಯ ಕಪ್ಪೆಚಿಪ್ಪುಗಳಿಗೆ ಹೊಸ ಜಾಗ

ಪ್ರಶ್ನೆ: ಸೇತುವೆ ಕೆಲಸಕ್ಕೆಂದು ಹೊಳೆಯ ನೀರು ತಗ್ಗಿಸುತ್ತಿದ್ದಾರೆ. ಅಲ್ಲಿನ ಕಪ್ಪೆಚಿಪ್ಪುಗಳನ್ನು ಬೇರೆ ಕಡೆ ಬಿಡಲು ಸ್ವಯಂಸೇವಕರು ಬೇಕಂತೆ. ನನಗೆ ಈಜು ಬರುವುದಿಲ್ಲ. ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ನಾನು ಈ ಕೆಲಸ ಮಾಡಿದ್ದೆಲ್ಲ ಮೊಣಕಾಲುದ್ದದ ನೀರಿನಲ್ಲೇ. ಆದರೆ ಅನುಮತಿ ಪಡೆದ ತಜ್ಞರ ತಂಡದ ಜೊತೆಗೇ ಹೋಗಬೇಕು. ಸುಮ್ನೆ ನಾವೇ ಎತ್ತಿ ಎಲ್ಲೋ ಹಾಕಬಾರದು.

ಇಲ್ಲಿ ಕಣ್ಣಿಗಿಂತ ಬೆರಳಿಗೇ ಕೆಲಸ ಜಾಸ್ತಿ. ಅವು ಮರಳಲ್ಲಿ ಅರ್ಧ ಹೂತಿರುತ್ತವೆ, ನೋಡಿದರೆ ಕಲ್ಲು ಅನ್ನಿಸುತ್ತದೆ. ಸಿಕ್ಕಿದ್ದನ್ನು ಬಲೆಚೀಲಕ್ಕೆ ಹಾಕಿ, ಚೀಲವನ್ನು ನೀರಿನಲ್ಲೇ ಇಡಿ. ಬದುಕಿದೆಯಾ ಅಂತ ಚಿಪ್ಪು ಬಿಡಿಸಿ ನೋಡಲೇಬೇಡಿ. ಒಳಗಿನ ಸ್ನಾಯು ಹರಿದರೆ ಅದು ಸಾಯುತ್ತದೆ. ಹೊಸ ಜಾಗದಲ್ಲಿ ಪಾದದ (ಮರಳು ತೋಡಲು ಚಿಪ್ಪಿನಿಂದ ಹೊರಚಾಚುವ ಮಾಂಸದ ಭಾಗ) ಕಡೆ ಕೆಳಗೆ ಬರುವಂತೆ ಒಂದೊಂದನ್ನೇ ಮರಳಿಗೆ ಊರಬೇಕು. ಸುರಿದು ಬಂದರೆ ಹರಿವಿಗೆ ಕೊಚ್ಚಿಹೋಗುತ್ತವೆ.

ಇಷ್ಟೆಲ್ಲ ಯಾಕೆ ಅಂತೀರಾ? ದೊಡ್ಡದೊಂದು ದಿನಕ್ಕೆ ಹತ್ತಾರು ಲೀಟರ್ ನೀರು ಸೋಸಬಲ್ಲದು. ಕೆಲವು ಜಾತಿಗಳು 100 ವರ್ಷಕ್ಕಿಂತ ಜಾಸ್ತಿ ಬದುಕುತ್ತವೆ! ಹೆಚ್ಚಿನವುಗಳ ಮರಿಗಳು ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡೇ ಬೆಳೆಯಬೇಕು. ಹೊಸ ಜಾಗದಲ್ಲಿ ಆ ಮೀನು ಇದೆಯಾ ಅಂತ ತಂಡದವರನ್ನು ಕೇಳಿ. ನಾನಂತೂ ಕೇಳುತ್ತೇನೆ.

ಬೂಟು ತೊಳೆದು, ಪೂರ್ತಿ ಒಣಗಿಸಿಕೊಂಡು ಹೋಗಿ. ಬೇರೆ ನೀರಿನ ಹಾವಳಿ ಜೀವಿಗಳು ಅದಕ್ಕೆ ಅಂಟಿಕೊಂಡು ಬರುತ್ತವೆ.